ಆರನೇ ನಲ್ಲಿಯ ಬಾಟಲಿ

ಊರಿಗೆ ನೀರು ಬಿಡುವವನು ಬೇರೆ, ಬಿಟ್ಟ ನೀರನ್ನು ಪರೀಕ್ಷೆಗೆ ಹಿಡಿಯುವವನು ಬೇರೆ. ಬಿಡುವವನಿಗೆ ದಿನಬೆಳಗಾದರೆ ಬೈಗುಳ. ಅರ್ಧ ಗಂಟೆ ತಡವಾದರೆ ಸಾಕು, ಅವನ ಏಳು ತಲೆಮಾರನ್ನೂ ಬೀದಿಯಲ್ಲಿ ಜಾಲಾಡುತ್ತಾರೆ. ಹಿಡಿಯುವವನನ್ನು ಯಾರೂ ಏನೂ ಕೇಳುವುದಿಲ್ಲ. ಅವನ ಕೆಲಸ ಸರಿಯಾಗಿ ನಡೆಯುತ್ತಿದೆ ಎನ್ನುವುದಕ್ಕೆ ಗುರುತೇ ಅವನನ್ನು ಯಾರೂ ನೆನೆಸದೇ ಇರುವುದು.

ನಮ್ಮ ನೀರುಮಾಮ ಹಿಡಿಯುವವನು. ಹತ್ತೊಂಬತ್ತು ವರ್ಷ, ಪ್ರತಿ ಮಂಗಳವಾರ, ಊರಿನ ಹನ್ನೆರಡು ನಲ್ಲಿಗಳ ಮುಂದೆ ನಿಂತು ಹನ್ನೆರಡು ಬಾಟಲಿ ನೀರು ಹಿಡಿದವನು. ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮಧ್ಯಾಹ್ನದ ಬಸ್ಸಿಗೆ ಹಾಕಿದರೆ ನಾಲ್ಕು ಗಂಟೆ ಕಳೆದ ಮೇಲೆ ಲ್ಯಾಬಿಗೆ ತಲುಪುತ್ತಿದ್ದವು. ಶುಕ್ರವಾರ ಒಂದು ಹಾಳೆ ವಾಪಸು ಬರುತ್ತಿತ್ತು. ಅದರಲ್ಲಿ ಹನ್ನೆರಡು ಸಾಲು, ಪ್ರತಿ ಸಾಲಿನ ಕೊನೆಗೂ ‘ಕುಡಿಯಲು ಯೋಗ್ಯ’. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಬಾಟಲಿ ಕೆಟ್ಟದ್ದೆಂದು ಬಂದದ್ದಿಲ್ಲ. ಬೇರೆ ಊರುಗಳ ಎಂಜಿನಿಯರುಗಳು ಈ ಊರಿನ ಹಾಳೆಗಳನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರಂತೆ.

ಅವನ ಚೊಕ್ಕಟತನ ಎಂಥದ್ದೆಂದರೆ, ನೊಣ ಕೂಡ ಕಾಲು ಒರೆಸಿಕೊಂಡು ಕೂರಬೇಕು. ಮೊದಲು ನಲ್ಲಿಯ ಬಾಯಿ ಒರೆಸುವುದು, ಎರಡು ನಿಮಿಷ ನೀರು ಹರಿಯಬಿಡುವುದು, ನಿಲ್ಲಿಸಿ ಸ್ಪಿರಿಟ್ಟಿನ ಬೆಂಕಿಯಲ್ಲಿ ಆ ಬಾಯಿಯನ್ನು ಸುಡುವುದು, ಮತ್ತೆ ಹರಿಯಬಿಡುವುದು. ಆಮೇಲೆ ಬಾಟಲಿ. ಅದನ್ನೂ ಸುಮ್ಮನೆ ತುಂಬಿದವನಲ್ಲ. ಅರ್ಧ ಹಿಡಿದು, ಕುಲುಕಿ, ಚೆಲ್ಲಿ, ಹೀಗೆ ಮೂರು ಸಲ ತೊಳೆದ ಮೇಲೇ ತುಂಬುವುದು. ಮನೆಯಲ್ಲೂ ಹಾಗೆಯೇ, ಹೆಂಡತಿ ತೊಳೆದಿಟ್ಟ ತಟ್ಟೆಯನ್ನು ಮತ್ತೆ ಮೂರು ಸಲ ತೊಳೆಯುತ್ತಿದ್ದ. “ನನ್ನನ್ನ ನೋಡೋಕೆ ಬಂದಾಗ ಬಕೆಟ್ ತರ್ಲಿಲ್ವಲ್ಲ, ಅದೇ ನನ್ನ ಪುಣ್ಯ,” ಎಂದು ಅವಳು ನೆಂಟರ ಮುಂದೆ ನಗುತ್ತಿದ್ದಳು. ಅವನೂ ನಗುತ್ತಿದ್ದ, ಒಳಗೊಳಗೇ ಹೆಮ್ಮೆಯಿಂದ.

ಐವತ್ತನಾಲ್ಕನೇ ವಯಸ್ಸಿಗೆ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು. ಒಂದು ತಿಂಗಳು ಬಗ್ಗಬಾರದು, ಬೆಂಕಿಯ ಹತ್ತಿರ ಹೋಗಬಾರದು, ಕಣ್ಣಿಗೆ ನೀರು ಸಿಡಿಯಬಾರದು ಎಂದರು ಡಾಕ್ಟರು. ಅಂದರೆ ಅವನ ಕೆಲಸವನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಬಹುದು ಎಂದ ಹಾಗಾಯಿತು. ಬಾಟಲಿಯ ಪೆಟ್ಟಿಗೆ ನಾದಿನಿಯ ಕೈಗೆ ಹೋಯಿತು.

ನಾದಿನಿ ಎಂದರೆ ಹೆಂಡತಿಯ ಕೊನೆಯ ತಂಗಿ, ಮೂವತ್ತೆಂಟು ವರ್ಷದವಳು. ಹತ್ತು ವರ್ಷ ಔಷಧದಂಗಡಿಯಲ್ಲಿ ಕೆಲಸ ಮಾಡಿ, ಅಂಗಡಿ ಮುಚ್ಚಿದ ಮೇಲೆ ಇದೇ ನೀರಿನ ಕಚೇರಿಗೆ ಆರು ತಿಂಗಳ ಪರೀಕ್ಷಾವಧಿಯ ಮೇಲೆ ಸೇರಿದ್ದಳು. ಬಿಸ್ಕತ್ತಿನ ಪೊಟ್ಟಣ ಕೊಟ್ಟರೂ ಹಿಂದೆ ಬರೆದದ್ದನ್ನೆಲ್ಲ ಓದಿಯೇ ತಿನ್ನುವವಳು. ಅದಕ್ಕೇ ಭಾವ ಅವಳಿಗೆ ‘ಚೀಟಿ’ ಎಂದು ಹೆಸರಿಟ್ಟಿದ್ದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದಲ್ಲಿಂದಲೇ ಅವಳಿಗೆ ನಲ್ಲಿಗಳ ದಾರಿ ಹೇಳಿದ, ಒರೆಸುವುದು ಹೇಳಿದ, ಸುಡುವುದು ಹೇಳಿದ. ತೊಳೆಯುವುದನ್ನು ಹೇಳಲಿಲ್ಲ. ಪಾತ್ರೆ ತೊಳೆದು ನೀರು ತುಂಬು ಎಂದು ಸಂಸಾರಸ್ಥ ಹೆಣ್ಣಿಗೆ ಯಾರಾದರೂ ಹೇಳಿಕೊಡುತ್ತಾರೆಯೇ?

ಮೊದಲ ಶುಕ್ರವಾರವೇ ಹಾಳೆಯ ಆರನೇ ಸಾಲಿನಲ್ಲಿ ‘ಯೋಗ್ಯವಲ್ಲ’ ಎಂದು ಬಂತು. ಆರನೆಯದು ಶಾಲೆಯ ಅಂಗಳದ ನಲ್ಲಿ. ನೀರುಮಾಮ ಎಂದು ಅವನಿಗೆ ಹೆಸರು ಬಿದ್ದದ್ದೂ ಅಲ್ಲಿಯ ಮಕ್ಕಳ ಬಾಯಿಂದಲೇ. ಎರಡನೇ ವಾರವೂ ಅದೇ. ನೀರಿನ ಕಚೇರಿಯ ಎಂಜಿನಿಯರ್ ಗಾಬರಿಯಾಗಿ ನೀರುಮಾಮನಿಗೆ ಹೇಳಿಕಳಿಸಿದರು. ಅವನು ಕಪ್ಪು ಕನ್ನಡಕ ಹಾಕಿಕೊಂಡು ಆಟೋದಲ್ಲಿ ಹೋಗಿ ಒಂದು ಬಾಟಲಿ ಹಿಡಿದುಕೊಟ್ಟ. ಅದು ಯೋಗ್ಯ ಎಂದು ಬಂತು. ಮುಂದಿನ ಮಂಗಳವಾರ ನಾದಿನಿ ಹಿಡಿದದ್ದು ಮತ್ತೆ ಯೋಗ್ಯವಲ್ಲ.

ಇನ್ನೇನು ಬೇಕು? ನೀರು ಅದೇ, ನಲ್ಲಿ ಅದೇ, ಕೈ ಮಾತ್ರ ಬೇರೆ. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎನ್ನುವ ಗಾದೆಯನ್ನು ಎಂಜಿನಿಯರ್ ಎರಡು ಸಲ ಹೇಳಿದರು. ಫೈಲಿನಲ್ಲಿ ‘ಮಾದರಿ ಹಿಡಿದವರ ಅಜಾಗರೂಕತೆ’ ಎಂದು ಬರೆದರು. ತಿಂಗಳ ಕೊನೆಗೆ ನಾದಿನಿಯ ಆರು ತಿಂಗಳ ಪರೀಕ್ಷಾವಧಿ ಮುಗಿಯುವುದಿತ್ತು. ಆ ಒಂದು ಸಾಲು ಫೈಲಿನಲ್ಲಿ ಉಳಿದರೆ ಅವಳು ಮನೆಗೆ ಹೋದ ಹಾಗೆಯೇ.

ಮನೆಯಲ್ಲಿ ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು, ಬಟ್ಟೆಗೂ ಮಾತಿಗೂ ಒಟ್ಟಿಗೇ ಸೂಜಿ ಹಾಕಿದಳು.

“ರೀ, ಅವಳು ಕಣ್ಣೀರು ಹಾಕ್ತಾ ಕೂತಿದಾಳೆ. ನೀವು ಇಲ್ಲಿ ಕನ್ನಡಕ ಒರೆಸ್ತಾ ಇದೀರ.”

“ನಾನೇನು ಮಾಡ್ಲಿ? ಎಲ್ಲೋ ಕೈ ತಾಗಿಸ್ತಾಳೆ. ಮುಚ್ಚಳದ ಒಳಗೆ ಬೆರಳು ಇಡ್ತಾಳೇನೋ.”

“ಔಷಧಿ ಅಂಗಡೀಲಿ ಹತ್ತು ವರ್ಷ ಮಾತ್ರೆ ಎಣಿಸಿದೋಳು ಅವಳು. ನಿಮಗಿಂತ ಚೊಕ್ಕಟ.”

ಈ ಮಾತು ಅವನಿಗೆ ಚುಚ್ಚಿತು. ಅದಕ್ಕಿಂತ ಹೆಚ್ಚಾಗಿ, ಊಟ ಮಾಡುವಾಗ ಇನ್ನೊಂದು ಯೋಚನೆ ತಲೆಗೆ ಹೊಕ್ಕಿತು. ಕೈ ಕೊಳಕಾದರೆ ಹನ್ನೆರಡೂ ಬಾಟಲಿ ಕೊಳಕಾಗಬೇಕು. ಹೋಗಲಿ, ಒಂದು ವಾರ ಮೂರನೆಯದು, ಇನ್ನೊಂದು ವಾರ ಒಂಬತ್ತನೆಯದು ಕೆಡಬೇಕು. ಪ್ರತಿ ಸಲ ಆರನೇ ನಲ್ಲಿಯ ಹತ್ತಿರವೇ ಕೊಳಕಾಗುವಂಥ ಕೈ ಯಾವುದು? ಹಾಗಾದರೆ ಕೊಳಕು ನಲ್ಲಿಯದು. ನಲ್ಲಿಯದಾದರೆ ತನ್ನ ಬಾಟಲಿ ಯಾಕೆ ಒಳ್ಳೆಯದೆಂದು ಬಂತು? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಎನ್ನುವಂತೆ ಲೆಕ್ಕ ಎರಡೂ ಕಡೆ ಎಳೆಯುತ್ತಿತ್ತು. ತಟ್ಟೆಯಲ್ಲಿ ಕೈ ಒಣಗುವವರೆಗೆ ಅವನು ಹಾಗೇ ಕೂತಿದ್ದ. ಇಷ್ಟು ವರ್ಷ ಅವನ ಕೆಲಸದಲ್ಲಿ ಒಂದು ಪ್ರಶ್ನೆಯೂ ಹುಟ್ಟಿರಲಿಲ್ಲ. ಈಗ ಹುಟ್ಟಿದ್ದು ಬಿಡುವ ಹಾಗೆ ಕಾಣಲಿಲ್ಲ.

ಮುಂದಿನ ಮಂಗಳವಾರ ಅವನೂ ಅವಳ ಜೊತೆ ಹೊರಟ. “ನಾನೇನೂ ಹೇಳಲ್ಲ, ಸುಮ್ನೆ ನೋಡ್ತೀನಿ,” ಎಂದ. ಶಾಲೆಯ ಅಂಗಳದಲ್ಲಿ ಒಂದು ಕಲ್ಲಿನ ಮೇಲೆ ಕೂತು ಅವಳ ಒಂದೊಂದು ಬೆರಳನ್ನೂ ಕಾವಲು ಕಾದ. ಅವಳು ನಲ್ಲಿ ಒರೆಸಿದಳು, ಸರಿ. ಗಡಿಯಾರ ನೋಡಿಕೊಂಡು ನೀರು ಬಿಟ್ಟಳು, ಸರಿ. ಸುಟ್ಟಳು, ತಣಿಸಿದಳು, ಸರಿ. ಮುಚ್ಚಳವನ್ನು ಕೆಳಗಿಡದೆ ಬೆರಳ ಸಂದಿಯಲ್ಲೇ ಹಿಡಿದಳು. ಅದಂತೂ ಅವನಿಗಿಂತ ಚೆನ್ನಾಗಿ. ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ಕುತ್ತಿಗೆಯವರೆಗೆ ತುಂಬಿ ಮುಚ್ಚಿಬಿಟ್ಟಳು.

ಅವನು ಕಲ್ಲಿನಿಂದ ಎದ್ದೇಬಿಟ್ಟ. “ಸಿಕ್ತು! ತೊಳೀಲೇ ಇಲ್ವಲ್ಲೇ!”

“ಯಾಕೆ ತೊಳೀಬೇಕು ಭಾವ?”

“ಯಾಕೆ ಅಂದ್ರೆ? ಒಳಗೆ ಬಿಳೀ ಪುಡಿ ಕಾಣಲ್ವಾ? ಲ್ಯಾಬಿನಲ್ಲಿ ಬಾಟಲಿ ತೊಳೆಯೋನು ಮೈಗಳ್ಳ. ಸೋಪು ಹಾಗೇ ಉಳಿಸಿ ಕಳಿಸ್ತಾನೆ. ಹತ್ತೊಂಬತ್ತು ವರ್ಷದಿಂದ ಅವನಿಗೆ ಬೈಕೊಂಡು ತೊಳೀತಾ ಇದೀನಿ.”

ನಾದಿನಿ ಅವನ ಮುಖವನ್ನೇ ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ಇನ್ನೊಂದು ಖಾಲಿ ಬಾಟಲಿ ತೆಗೆದು, ಅದರ ಕುತ್ತಿಗೆಗೆ ಅಂಟಿಸಿದ್ದ ಬೆರಳಗಲದ ಕಾಗದವನ್ನು ಅವನ ಕನ್ನಡಕದ ಮುಂದೆ ಹಿಡಿದಳು. ಇರುವೆ ಸಾಲಿನಂಥ ಅಕ್ಷರ. ಹಳೆಯ ಕಣ್ಣಿಗೆ ಅದು ಬರೀ ಗೆರೆಯಾಗಿತ್ತು. ಹೊಸ ಕಣ್ಣಿಗೆ ಓದಲು ಬಂತು. ‘ಒಳಗೆ ಔಷಧವಿದೆ. ತೊಳೆಯಬಾರದು.’

“ದೊಡ್ಡ ಪ್ಲಾಸ್ಟಿಕ್ ಬಾಟಲಿ ಬರತ್ತಲ್ಲ, ಉಪ್ಪಿನಂಶ ನೋಡೋಕೆ, ಅದನ್ನ ಮೂರು ಸಲ ತೊಳೀಬೇಕು. ಅದರ ಮೇಲೂ ಬರೆದಿದೆ,” ಎಂದಳು ನಾದಿನಿ. “ಇದು ಕ್ರಿಮಿ ನೋಡೋ ಬಾಟಲಿ. ಇದನ್ನ ತೊಳೀಬಾರ್ದು.”

ನೀರುಮಾಮನಿಗೆ ನಂಬಿಕೆ ಬರಲಿಲ್ಲ. ಅವನಿಗೆ ಕೆಲಸ ಕಲಿಸಿದ ಹಿರಿಯ ಉಪ್ಪಿನಂಶದ ಬಾಟಲಿಯನ್ನೇ ಹಿಡಿಯುತ್ತಿದ್ದವನು. ಕ್ರಿಮಿ ನೋಡುವ ಈ ಗಾಜಿನ ಬಾಟಲಿ ಬಂದದ್ದು ಆ ಹಿರಿಯ ನಿವೃತ್ತನಾದ ಮೇಲೆ. ಹಳೆಯ ಪಾಠವನ್ನೇ ಇವನು ಹೊಸ ಬಾಟಲಿಗೂ ಹೊಂದಿಸಿಕೊಂಡಿದ್ದ. ಆದರೂ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ಪೆಟ್ಟಿಗೆಯಲ್ಲಿ ಹೆಚ್ಚಿಗೆ ಇದ್ದ ಎರಡು ಬಾಟಲಿ ತೆಗೆದುಕೊಂಡ. ಒಂದನ್ನು ತನ್ನ ರೀತಿಯಲ್ಲಿ ಮೂರು ಸಲ ತೊಳೆದು ತುಂಬಿದ. ಇನ್ನೊಂದನ್ನು ಅವಳು ಪುಡಿಯ ಸಮೇತ ತುಂಬಿದಳು. ಕಲ್ಲಿನ ಮೇಲೆ ಪಕ್ಕಪಕ್ಕ ಇಟ್ಟರು. ನೀರಿನಲ್ಲಿ ಕ್ಲೋರಿನ್ ಇದೆಯೋ ಇಲ್ಲವೋ ನೋಡುವ ಮಾತ್ರೆ ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ, ಇಲ್ಲದಿದ್ದರೆ ಬಣ್ಣ ಬರುವುದಿಲ್ಲ. ಎರಡರಿಂದಲೂ ಸ್ವಲ್ಪ ಸ್ವಲ್ಪ ನೀರನ್ನು ಪುಟ್ಟ ಗಾಜಿನ ನಳಿಕೆಗಳಿಗೆ ಹೊಯ್ದು ಒಂದೊಂದು ಮಾತ್ರೆ ಹಾಕಿದ.

ತೊಳೆದ ಬಾಟಲಿಯ ನೀರು ಗುಲಾಬಿಯಾಯಿತು. ತೊಳೆಯದ್ದಕ್ಕೆ ಬಣ್ಣವೇ ಬರಲಿಲ್ಲ.

ಒಂದೇ ನಲ್ಲಿ, ಒಂದೇ ನಿಮಿಷ. ಅವನು ಎರಡು ನಳಿಕೆಗಳನ್ನೂ ಬಿಸಿಲಿಗೆ ಹಿಡಿದು ನೋಡಿದ, ಅದಲು ಬದಲು ಮಾಡಿ ನೋಡಿದ. ಕಣ್ಣು ಕೀಳಲಾಗಲಿಲ್ಲ. ಇಷ್ಟು ಚೆಂದದ ಪರೀಕ್ಷೆಯನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಎರಡೂ ಬಾಟಲಿಗಳನ್ನು ಬಸ್ಸಿಗೆ ಹಾಕದೆ, ತಾನೇ ತೊಡೆಯ ಮೇಲಿಟ್ಟುಕೊಂಡು ಲ್ಯಾಬಿಗೆ ಹೋದ.

ಲ್ಯಾಬಿನ ಮೇಡಮ್ಮಿಗೆ ಅವನ ಸಹಿ ಹತ್ತೊಂಬತ್ತು ವರ್ಷದಿಂದ ಪರಿಚಯ, ಮುಖ ಅವತ್ತೇ ಮೊದಲು. ಕುರ್ಚಿ ಕೊಟ್ಟು ಕೂರಿಸಿ ಹೇಳಿದರು:

“ನೋಡಿ, ನಲ್ಲಿ ನೀರಲ್ಲಿ ಕ್ಲೋರಿನ್ ಇರತ್ತೆ. ಬಾಟಲಿ ನನ್ನ ಹತ್ರ ಬರೋಕೆ ನಾಲ್ಕು ಗಂಟೆ. ಅಷ್ಟು ಹೊತ್ತು ಅದು ಸುಮ್ನೆ ಕೂತಿರತ್ತಾ? ದಾರೀಲೇ ಕ್ರಿಮಿ ಕೊಂದು ಮುಗಿಸತ್ತೆ. ಆ ಪುಡಿ ಇದ್ರೆ ಕ್ಲೋರಿನ್ನಿನ ಆಟ ಆ ಕ್ಷಣಕ್ಕೇ ನಿಲ್ಲತ್ತೆ. ಜನ ಕುಡಿಯೋ ಹೊತ್ತಿಗೆ ನೀರು ಹೇಗಿತ್ತೋ ಹಾಗೇ ನನ್ನ ಕೈಗೆ ಸಿಗತ್ತೆ.”

“ಪುಡಿ ಇಲ್ಲ ಅಂತ ನಿಮಗೆ ಒಂದು ಸಲವೂ ಗೊತ್ತಾಗ್ಲಿಲ್ವಾ ಮೇಡಮ್?”

“ತುಂಬಿದ ಬಾಟಲೀಲಿ ಪುಡಿ ಕರಗಿ ಹೋಗಿರತ್ತೆ. ಇತ್ತೋ ಇಲ್ವೋ ಹೇಗೆ ಹೇಳ್ಲಿ? ನಿಮ್ಮೂರಿನ ವರದಿ ಇಷ್ಟು ಚೆನ್ನಾಗಿದ್ಯಲ್ಲ ಅಂತ ನಾನೂ ಖುಷಿಪಟ್ಟೆ. ಅಷ್ಟು ಚೆನ್ನಾಗಿ ಯಾಕಿದೆ ಅಂತ ಕೇಳಬೇಕಿತ್ತು. ಕೇಳ್ಲಿಲ್ಲ.”

ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಅವನು ಅದನ್ನೇ ತಿರುಗಿಸಿ ಮುರುಗಿಸಿ ನೋಡಿದ. ಮನೆಗಳಲ್ಲಿ ಜನ ನೀರು ಹಿಡಿದು ಕೊಡದಲ್ಲಿ ಇಡುತ್ತಾರೆ, ನಾಲ್ಕಾರು ಗಂಟೆ ಕಳೆದ ಮೇಲೆ ಕುಡಿಯುತ್ತಾರೆ. ಅವರ ಕೊಡವೂ ತನ್ನ ಬಾಟಲಿಯ ಹಾಗೆಯೇ, ಕ್ಲೋರಿನ್ನಿಗೆ ಪುರುಸೊತ್ತು ಸಿಗುತ್ತದೆ. ಶಾಲೆಯ ಮಕ್ಕಳು? ಆಟದ ಮಧ್ಯೆ ಓಡಿಬಂದು, ನಲ್ಲಿಗೆ ಬೊಗಸೆ ಒಡ್ಡಿ, ಗಟಗಟ ಕುಡಿದು ಓಡುತ್ತಾರೆ. ಆ ಬೊಗಸೆಯ ನೀರು ಹೇಗಿದೆ ಎಂದು ಹತ್ತೊಂಬತ್ತು ವರ್ಷದಲ್ಲಿ ಅವನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಹೀಗೆ ಅರ್ಥವಾದಾಗ ಅವನಿಗೆ ಅಳು ಬಂತು, ಆಪರೇಷನ್ ಆದ ಕಣ್ಣು ಎಂದು ಒರೆಸಿಕೊಳ್ಳಲೂ ಹೆದರಿ ಹಾಗೇ ಬಿಟ್ಟ. ಇಳಿದವನೇ ನೇರ ಶಾಲೆಗೆ ಹೋಗಿ, ಬೀಗ ಹಾಕಿದ್ದ ಗೇಟನ್ನು ಕಾವಲಿನವನಿಂದ ತೆಗೆಸಿ, ನಲ್ಲಿಯ ಬಾಯಿಗೆ ಬಟ್ಟೆ ಸುತ್ತಿ ತಂತಿ ಬಿಗಿದ.

ಶುಕ್ರವಾರ ಹಾಳೆ ಬಂತು. ತೊಳೆದದ್ದು ಯೋಗ್ಯ, ತೊಳೆಯದ್ದು ಯೋಗ್ಯವಲ್ಲ. ಪೈಪಿನ ಕೆಲಸದವನು ಶಾಲೆಯ ಗೋಡೆಯ ಹೊರಗೆ ಅಗೆದು ನೋಡಿದ. ನಲ್ಲಿಗೆ ಬರುವ ಪೈಪು ಚರಂಡಿಯ ಹೊಟ್ಟೆಯೊಳಗೇ ಹಾದುಹೋಗಿತ್ತು, ಅಲ್ಲೊಂದು ಜಾಯಿಂಟು ಬಾಯಿ ಬಿಟ್ಟಿತ್ತು. “ಪಂಪು ನಿಂತಾಗ ಇದು ಚರಂಡಿ ನೀರು ಎಳ್ಕೊಳ್ಳತ್ತೆ, ಪಂಪು ಶುರುವಾದಾಗ ಅದನ್ನೇ ನಲ್ಲಿಗೆ ತಳ್ಳತ್ತೆ,” ಎಂದ. ಜಾಯಿಂಟು ಎಷ್ಟು ಹಳೆಯದು ಎಂದು ನೀರುಮಾಮ ಕೇಳಿದ. ತುಕ್ಕನ್ನು ಉಗುರಿನಿಂದ ಕೆರೆದು, “ನಿನ್ನೆ ಮೊನ್ನೇದಲ್ಲ,” ಎಂದಷ್ಟೇ ಹೇಳಿದ ಅವನು.

ಎಂಜಿನಿಯರ್ ಬಾಗಿಲು ಮುಚ್ಚಿಸಿ ಮಾತಾಡಿದರು. ಕೆಟ್ಟವರೇನಲ್ಲ, ನಿವೃತ್ತಿಗೆ ಉಳಿದ ಇನ್ನೆರಡು ವರ್ಷ ಶಾಂತಿಯಿಂದ ಕಳೆಯಲಿ ಎನ್ನುವವರು.

“ಪೈಪು ಬದಲಾಯಿಸ್ತಾ ಇದೀವಿ. ಇನ್ನು ಮುಂದೆ ತೊಳೀದೆ ಹಿಡೀರಿ. ಕಥೆ ಅಲ್ಲಿಗೆ ಮುಗೀತು.”

“ಹಿಂದಿನ ವರದಿಗಳು ಸಾರ್?”

“ಅವನ್ನ ಯಾಕೆ ಕೆದಕ್ತೀರಿ? ಬಾಯಿ ಬಿಟ್ರೆ ಬಣ್ಣಗೇಡು. ಹತ್ತೊಂಬತ್ತು ವರ್ಷ ಊರೆಲ್ಲ ನಿಮ್ಮನ್ನ ನಂಬಿದೆ. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋಬೇಡಿ.”

“ನನ್ನ ನಾದಿನಿ ಹೆಸರಿನ ಮುಂದೆ ಬರೆದಿರೋ ಸಾಲು?”

“ಅದನ್ನ ಅಳಿಸ್ಬೇಕು ಅಂದ್ರೆ ಕಾರಣ ಬರೀಬೇಕಲ್ಲ ಮಾರಾಯ್ರೆ. ಕಾರಣ ಬರೆದ್ರೆ ನಿಮ್ಮ ಹೆಸರು ಬರತ್ತೆ. ಯೋಚನೆ ಮಾಡಿ.”

ಅವನು ಯೋಚನೆ ಮಾಡಿದ. ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿವೃತ್ತಿಗೆ ಆರು ವರ್ಷ ಇತ್ತು. ಬೀದಿಯಲ್ಲಿ ಹೋದರೆ ಅಂಗಡಿಯವರು ಕರೆದು ಚಹ ಕೊಡುತ್ತಿದ್ದರು. ಮಾಮ ನೋಡಿದ ನೀರು ಎಂದರೆ ಊರಿಗೆ ಎರಡನೇ ಮಾತಿರಲಿಲ್ಲ. ಅದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಒಪ್ಪಿಸಿಬಿಡುವುದು ಸುಲಭವಲ್ಲ. ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ನಿಂತು ಎಲ್ಲವನ್ನೂ ಹೇಳಿದ. ಅವಳು ಒಲೆ ಆರಿಸಿ ಪೂರ್ತಿ ಕೇಳಿದಳು, ಮಧ್ಯೆ ಒಂದು ಮಾತೂ ಆಡಲಿಲ್ಲ. ಅವಳ ಬಾಯಿಗೆ ಅದು ದೊಡ್ಡ ಸಾಧನೆ.

“ಬರೀದೇ ಇದ್ರೆ ಏನಾಗತ್ತೆ?” ಎಂದಳು ಕೊನೆಗೆ.

“ಅವಳ ಕೆಲಸ ಹೋಗತ್ತೆ. ನನ್ನ ಹೆಸರು ಉಳಿಯತ್ತೆ.”

“ಬರೆದ್ರೆ?”

“ಮಿಕ್ಕ ಹನ್ನೊಂದು ನಲ್ಲೀನ ಹೊಸದಾಗಿ ನೋಡ್ತಾರೆ, ಅವಳ ನಾಲ್ಕು ವಾರದ ಲೆಕ್ಕ ಸಾಲಲ್ಲ ಅಂತಾರೆ. ಅವು ಗಟ್ಟಿ ಅಂತ ಇಷ್ಟು ದಿನ ಹೇಳಿದೋನು ನಾನೇ ತಾನೆ? ಅದಕ್ಕೂ ಈಗ ಬೆಲೆ ಇಲ್ಲ. ಎಲ್ಲಾ ಸರಿ ಅಂತ ಬರೋ ತನಕ ಊರೆಲ್ಲ ನೀರು ಕುದಿಸಿ ಕುಡೀಬೇಕು. ಜನ ಉಗೀತಾರೆ.”

“ಉಗೀಲಿ ಬಿಡಿ. ಒರೆಸ್ಕೊಂಡ್ರಾಯ್ತು. ಮಕ್ಕಳ ಹೊಟ್ಟೆಗೆ ಹೋಗಿದ್ದನ್ನ ಒರೆಸೋಕಾಗತ್ತಾ?”

ಮರುದಿನ ಅವನು ಒಂದೂವರೆ ಪುಟ ಬರೆದ. ‘ಕ್ರಿಮಿ ಪರೀಕ್ಷೆಯ ಬಾಟಲಿಗಳನ್ನು ನಾನು ಮೊದಲಿನಿಂದಲೂ ತೊಳೆದು ತುಂಬಿರುತ್ತೇನೆ. ಆದ್ದರಿಂದ ನನ್ನ ಸಹಿ ಇರುವ ಯಾವ ವರದಿಯನ್ನೂ ನಂಬಬಾರದು. ಆರನೇ ನಲ್ಲಿಯ ಮಾದರಿಯನ್ನು ನನ್ನ ನಂತರ ಹಿಡಿದವರು ಸರಿಯಾಗಿಯೇ ಹಿಡಿದಿದ್ದಾರೆ.’ ಒಂದು ಪ್ರತಿ ಎಂಜಿನಿಯರ್ ಮೇಜಿಗೆ, ಒಂದು ಲ್ಯಾಬಿನ ಮೇಡಮ್ಮಿಗೆ. ಲ್ಯಾಬಿಗೆ ಹೋದ ಮೇಲೆ ಎಂಜಿನಿಯರ್‌ಗೆ ಬೇರೆ ದಾರಿ ಉಳಿಯಲಿಲ್ಲ. ನಾದಿನಿಯ ಫೈಲಿನ ಸಾಲು ಹೋಯಿತು, ಅವಳ ಕೆಲಸ ಗಟ್ಟಿಯಾಯಿತು. ನೀರುಮಾಮನ ಮೇಲೆ ವಿಚಾರಣೆ ಎಂದಾಯಿತು, ಅದು ಮುಗಿಯುವವರೆಗೆ ಬಾಟಲಿ ಮುಟ್ಟುವ ಹಾಗಿಲ್ಲ. ಹಿಂದಿನ ವರದಿಗಳನ್ನು ನಂಬಬೇಡಿ, ನೀರನ್ನು ಕುದಿಸಿ ಕುಡಿಯಿರಿ ಎಂಬ ನೋಟೀಸುಗಳನ್ನು ಊರಲ್ಲಿ ಹಂಚುವ ಕೆಲಸ ಕೊಟ್ಟರು. ಶಿಕ್ಷೆಯೆಂದೇ ಕೊಟ್ಟದ್ದು, ಅವನು ಬೇಡವೆನ್ನಲಿಲ್ಲ.

ಉಗುಳುವವರು ಉಗಿದರು. ಚಹದಂಗಡಿಯವನು ಮುಖ ತಿರುಗಿಸಿದ. ಒಬ್ಬ ಮುದುಕ ಮಾತ್ರ, “ಇಷ್ಟು ವರ್ಷ ಕುಡಿದೂ ಸಾಯ್ಲಿಲ್ಲ, ಇನ್ನು ಕುದಿಸಿ ಏನು ಸಾಧಿಸ್ಲಿ?” ಎಂದು ನಕ್ಕ. ಬೇರೆ ಬೀದಿಗಳನ್ನೆಲ್ಲ ಮುಗಿಸಿ, ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದ ಶಾಲೆಗೆ ಮಧ್ಯಾಹ್ನ ಮೂರರ ಮೇಲೆ ಹೋದ.

ಹೆಡ್‌ಮಿಸ್ ನೋಟೀಸನ್ನು ನಿಂತೇ ಓದಿದರು. ಎರಡನೇ ಸಲ ಓದುವಾಗ ಕೂತರು.

“ಮೂರು ವರ್ಷದ ಹಿಂದೆ,” ಎಂದರು, “ಒಂದೇ ತಿಂಗಳಲ್ಲಿ ಹದಿನಾಲ್ಕು ಮಕ್ಕಳಿಗೆ ಟೈಫಾಯ್ಡ್ ಬಂತು. ನಾನೇ ನಿಮಗೆ ಹೇಳಿಕಳಿಸಿದ್ದೆ. ನೀವು ಬಂದು ನೀರು ಹಿಡ್ಕೊಂಡು ಹೋದ್ರಿ. ಏನೂ ಇಲ್ಲ ಅಂತ ಹಾಳೆ ತಂದುಕೊಟ್ರಿ.”

“ಹೌದು ಮಿಸ್.”

“ಆ ಹಾಳೆ ಇಟ್ಕೊಂಡು ನಾನು ತಾಯಂದಿರನ್ನ ಕರೆಸ್ದೆ. ನೀರು ಸರಿಯಾಗಿದೆ, ನಿಮ್ಮ ಮನೇಲೇ ಕೊಳಕು ಅಂತ ಬೈದೆ. ಒಬ್ಬೊಬ್ಬರನ್ನೇ ನಿಲ್ಲಿಸಿ ಬೈದೆ. ಒಬ್ಬಳು ನಾಚಿಕೆಯಿಂದ ಆಮೇಲೆ ಗೇಟಿನ ಒಳಗೆ ಬರೋದೇ ಬಿಟ್ಟಳು. ಹೊರಗೇ ನಿಂತು ಮಗಳನ್ನ ಕರ್ಕೊಂಡು ಹೋಗ್ತಾಳೆ.” ಅವರು ತಲೆ ಎತ್ತಿದರು. “ಆಗ್ಲೂ ಈ ನೀರೇನಾ ಕಾರಣ?”

ಹೌದು ಎಂದಿದ್ದರೆ ಒಂದು ಥರ ಹಗುರವಾಗುತ್ತಿತ್ತು, ಅಲ್ಲ ಎಂದಿದ್ದರೆ ಇನ್ನೊಂದು ಥರ. ಎರಡಕ್ಕೂ ಅವನ ಹತ್ತಿರ ಆಧಾರವಿರಲಿಲ್ಲ.

“ಗೊತ್ತಿಲ್ಲ ಮಿಸ್,” ಎಂದ. “ಅವತ್ತು ಗೊತ್ತಾಗಬಹುದಿತ್ತು. ನಾನೇ ಅದನ್ನ ತೊಳೆದು ಚೆಲ್ಲಿಬಿಟ್ಟೆ. ಇನ್ನು ಯಾವತ್ತೂ ಗೊತ್ತಾಗಲ್ಲ.”

ಹೆಡ್‌ಮಿಸ್ ನೋಟೀಸನ್ನು ಮಡಿಸಿ ಮೇಜಿನ ಮೇಲಿಟ್ಟರು. ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ.

“ಅವಳು ನಾಲ್ಕು ಗಂಟೆಗೆ ಬರ್ತಾಳೆ,” ಎಂದರು. “ಇನ್ನೂ ಐದಾರು ಜನ ಆ ತಾಯಂದಿರು ಬರ್ತಾರೆ. ಗೇಟಿನ ಹತ್ರ ನಾನು ನಿಲ್ತೀನಿ. ನೀವೂ ನನ್ನ ಜೊತೆ ನಿಲ್ಲಿ. ಈಗ ನನಗೆ ಹೇಳಿದ್ದನ್ನ ಅವರಿಗೂ ಹೇಳಿ.”

ಗೋಡೆಯ ಗಡಿಯಾರದಲ್ಲಿ ಮೂರೂವರೆ ಆಗಿತ್ತು. ನೀರುಮಾಮ ಉಳಿದ ನೋಟೀಸುಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕಾಯುತ್ತ ಕುಳಿತ.